ಸಿಹಿ ಹುಣಸೆಗೆ ಹೊರಟ ಓಬಳ

ಕೇಳ್ರಪ್ಪ, ಮುಂದೆ ಕೂತೋರು ಸ್ವಲ್ಪ ಸರ್ಕೊಳ್ಳಿ, ಹಿಂದಿರೋರು ತೂಕಡಿಸಬೇಡಿ. ಇದು ಓಬಳನ ಕತೆ. ಮಧುಗಿರಿ ಸೀಮೇಲಿ ಒಂದು ಊರು, ಊರ ಸುತ್ತ ಹುಣಸೆ ಮರ, ಮರದ ಸಾಲು ಮುಗಿಯೋ ಕಡೆ ಒಂದು ಮನೆ, ಆ ಮನೇಲಿ ಮಾರಕ್ಕ, ಮಾರಕ್ಕನಿಗೆ ಒಬ್ಬನೇ ಮಗ. ಆಳು ನೋಡಿದ್ರೆ ಎತ್ತಿನ ಹಾಗಿದ್ದ. ಮೀಸೆ ಬಂದು ಎಷ್ಟೋ ಕಾಲ ಆಗಿತ್ತು, ಬುದ್ಧಿ ಮಾತ್ರ ಇನ್ನೂ ದಾರೀಲಿತ್ತು. ಹಾಗಂತ ಹೇಳಿದ ಮಾತು ಮೀರೋನಲ್ಲ. ಅಲ್ಲೇ ಬಂದಿದ್ದು ಕಷ್ಟ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು.

ಒಂದು ಸಲ ಅಂಗಳದಲ್ಲಿ ಹುಣಸೆಹಣ್ಣು ಒಣಹಾಕಿ, ಕಾಗೆ ಮುಟ್ಟದ ಹಾಗೆ ನೋಡ್ಕೊಳ್ಳೋ ಅಂತ ಹೇಳಿ ಮಾರಕ್ಕ ನೀರಿಗೆ ಹೋದ್ಲು. ಬಂದು ನೋಡಿದ್ರೆ ಪಕ್ಕದ ಮನೆ ಮೇಕೆ ಆರಾಮಾಗಿ ಮೇಯ್ತಾ ಇದೆ, ಮಗರಾಯ ಅದರ ಪಕ್ಕದಲ್ಲೇ ಕೋಲು ಹಿಡ್ಕೊಂಡು ಆಕಾಶ ನೋಡ್ತಾ ಕೂತಿದಾನೆ. ಒಂದು ಕಾಗೇನೂ ಬರಲಿಲ್ಲ ಅವ್ವ ಅಂದ. ಮಾರಕ್ಕ ಹಣೆ ಹಣೆ ಚಚ್ಕೊಂಡ್ಲು.

"ಲೋ ನನ್ನಪ್ಪ, ಕಾಗೆ ಬರಲಿ, ಮೇಕೆ ಬರಲಿ, ಹುಣಸೆಗೆ ಬಾಯಿ ಹಾಕೋಕೆ ಯಾವುದು ಬಂದ್ರೂ ಓಡಿಸಬೇಕು ಕಣೋ."

ಆಯ್ತು ಅವ್ವ ಅಂದ ಓಬಳ. ಈ ಮಾತನ್ನ ನೀವೂ ಸ್ವಲ್ಪ ನೆನಪಲ್ಲಿ ಇಟ್ಕೊಳ್ಳಿ. ಅವನಂತೂ ಮರೀಲಿಲ್ಲ.

ಇವನ ಅಪ್ಪ ಕದಿರಪ್ಪ ಹುಣಸೆ ಮರ ಹತ್ತಿ ಕಾಯಿ ಬಡಿಯೋ ಆಳು. ಒಂದು ಸಲ ತುಮಕೂರಿನ ಮಂಡಿಗೆ ಹುಣಸೆ ಹಾಕೋಕೆ ಹೋದಾಗ, ದೇಶ ಸುತ್ತಿ ಬಂದ ಒಬ್ಬ ವ್ಯಾಪಾರಿ ಅವನ ಕೈಗೆ ಒಂದು ಹುಣಸೆ ಕೊಟ್ಟು ತಿನ್ನು ಅಂದನಂತೆ. ತಿಂದ್ರೆ ಸಿಹಿ. ಬೆಲ್ಲದ ಸಿಹಿ. ಇದೆಲ್ಲಿ ಬೆಳೆಯುತ್ತೆ ಸ್ವಾಮಿ ಅಂತ ಕೇಳಿದ್ರೆ, ತಾಯ್ಲೆಂಡು, ಅಲ್ಲಿ ಎಲ್ಲರೂ ಹೋಗೋ ಸಮುದ್ರದ ಊರಲ್ಲ, ಒಳಗಡೆ ಫೆಚ್ಚಬೂನ್ ಅಂತ ಒಂದು ಬೆಟ್ಟದ ಸೀಮೆ, ಅಲ್ಲಿ ಹುಣಸೆ ಹಿಂಗೇ ಅಂದನಂತೆ. ಕದಿರಪ್ಪ ಊರಿಗೆ ಬಂದು ಅರಳಿಕಟ್ಟೇಲಿ ಹೇಳಿದ. ಹೇಳಿದ್ದೇ ತಪ್ಪಾಯ್ತು. ಹುಣಸೆ ಸಿಹಿಯಂತೆ, ನಾಳೆ ಬೇವೂ ಸಿಹಿ ಅಂತಾನೆ ಇವನು, ಅಂತ ಊರೆಲ್ಲ ನಕ್ಕಿತು. ಅಂಗಡಿ ರಂಗಶಾಮಯ್ಯ ಅವನಿಗೆ ಸಿಹಿಹುಣಸೆ ಅಂತಲೇ ಹೆಸರಿಟ್ಟ. ಅವತ್ತಿಂದ ಊರಲ್ಲಿ ಯಾರು ಬುರುಡೆ ಬಿಟ್ರೂ, ಬಂದಪ್ಪ ಸಿಹಿಹುಣಸೆ ಅನ್ನೋದು ವಾಡಿಕೆ ಆಯ್ತು.

ಕದಿರಪ್ಪ ಸತ್ತ. ಆ ಹೆಸರು ಸಾಯಲಿಲ್ಲ. ನಂಬಿದವಳು ಮಾರಕ್ಕ ಒಬ್ಬಳೇ. ಕಣ್ಣಾರೆ ಕಂಡಿರಲಿಲ್ಲ, ನಾಲಿಗೆಗೆ ಹಾಕಿರಲಿಲ್ಲ, ಆದ್ರೂ ನಂಬಿದ್ಲು. ನನ್ನ ಗಂಡ ಕುಡೀತಿದ್ದ, ಬೈತಿದ್ದ, ಸುಳ್ಳು ಮಾತ್ರ ಹೇಳ್ತಿರಲಿಲ್ಲ ಅಂತಿದ್ಲು.

ಹೀಗಿರುವಾಗ ಊರಿನ ಹುಣಸೆ ಸಂಘಕ್ಕೆ ಒಂದು ಕರೆ ಬಂತು. ಸಂಘ ಅಂದ್ರೆ ಹೆಂಗಸರದ್ದು, ಹುಣಸೆ ಬಿಡಿಸಿ, ಬೀಜ ತೆಗೆದು, ಪೊಟ್ಟಣ ಕಟ್ಟಿ ಮಾರೋರು. ಇವರ ಸುದ್ದಿ ಬಾಯಿಂದ ಬಾಯಿಗೆ ಎಲ್ಲೆಲ್ಲಿಗೋ ಹೋಗಿ, ಅದೇ ಫೆಚ್ಚಬೂನಿನ ಹೆಂಗಸರ ಸಂಘದೋರು, ನಿಮ್ಮಲ್ಲಿಂದ ಇಬ್ಬರು ಬನ್ನಿ, ನಮ್ಮ ತೋಟ ನೋಡಿ, ಖರ್ಚೆಲ್ಲ ನಮ್ಮದು ಅಂದ್ರು. ಅಧ್ಯಕ್ಷೆ ಯಶೋದಮ್ಮ ಓದಿದ ಹೆಂಗಸು, ಬಾಯಿ ಜೋರು, ಮನಸ್ಸು ಒಳ್ಳೇದು. ಯಾರು ಹೋಗ್ತೀರಿ ಅಂತ ಸಭೇಲಿ ಕೇಳಿದ್ಲು. ಯಾವತ್ತೂ ಯಾರನ್ನೂ ಏನೂ ಕೇಳದ ಮಾರಕ್ಕ ಅವತ್ತು ಎದ್ದು ನಿಂತ್ಲು.

"ನಾನು ಹೋಗ್ತೀನಿ ಯಶೋದಮ್ಮ. ಅವನು ತಿಂದ ಹಣ್ಣನ್ನ ನಾನೂ ಒಂದು ತಿನ್ನಬೇಕು. ಊರಿಗೂ ತಂದು ತಿನ್ನಿಸಬೇಕು."

ಯಾರೂ ಎದುರು ಮಾತಾಡಲಿಲ್ಲ. ಆದ್ರೆ ಜೊತೆಗೆ ಯಾರು ಅಂದ್ರೆ, ಓಬಳ. ಅವನನ್ನ ಬಿಟ್ಟು ಹೋದ್ರೆ ಊರು ಉಳಿಯಲ್ಲ, ಕರ್ಕೊಂಡು ಹೋದ್ರೆ ತಾಯ್ಲೆಂಡು ಉಳಿಯಲ್ಲ ಅಂತ ಯಶೋದಮ್ಮ ತಲೆ ಮೇಲೆ ಕೈ ಹೊತ್ಕೊಂಡ್ಲು. ಕೊನೆಗೆ ಒಂದು ಷರತ್ತು ಹಾಕಿದ್ಲು. ಹೊರಡೋದ್ರೊಳಗೆ ಇವನು ನೆಟ್ಟಗೆ ನಡ್ಕೊಳ್ಳೋದು ಕಲಿತ್ರೆ ಇಬ್ಬರೂ ಹೋಗಿ, ಇಲ್ಲ ಅಂದ್ರೆ ಬೇರೆ ಇಬ್ಬರನ್ನ ಕಳಿಸ್ತೀನಿ, ಆಮೇಲೆ ನನ್ನ ಹತ್ರ ಅಳಬೇಡ ಅಂದ್ಲು.

ಮೊದಲು ಪಾಸ್‌ಪೋರ್ಟಿಗೆ ಫೋಟೋ. ಮಧುಗಿರಿಯ ಸ್ಟುಡಿಯೋದಲ್ಲಿ ಮಾರಕ್ಕಂದು ಬೇಗ ಆಯ್ತು. ಓಬಳ ಸ್ಟೂಲ್ ಮೇಲೆ ಕೂತ. ಕೂತವನು ಒಂದೇ ಸಮ ಅಲ್ಲಾಡ್ತಾನೆ, ನಗ್ತಾನೆ, ಹಿಂದಿನ ಪರದೆ ಎಳೆದು ನೋಡ್ತಾನೆ. ಫೋಟೋದವನಿಗೆ ಸಾಕಾಗಿ, ನಾನು ಹೇಳೋ ತನಕ ಅಲ್ಲಾಡಬೇಡ ಮಾರಾಯ ಅಂದ. ಅಷ್ಟೇ ಸಾಕು ನಮ್ಮ ಓಬಳನಿಗೆ. ಕಲ್ಲಾಗಿ ಕೂತ. ಫೋಟೋದವನು ತೆಗೆದ, ಮುಗೀತು ಅಂತ ಹೇಳೋಕೆ ಮರೆತು, ಅತ್ತ ಯಾರದೋ ಮದುವೆ ಫೋಟೋಗೆ ಅಂತ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಹೊರಟೇಹೋದ. ಹೊರಗೆ ಬೇವಿನ ಮರದಡಿ ಕಾಯ್ತಿದ್ದ ಮಾರಕ್ಕ ಇನ್ನೇನು ಬರ್ತಾನೆ, ಇನ್ನೇನು ಬರ್ತಾನೆ ಅಂತ ಕಾದು ಕಾದು, ಹೊತ್ತು ಮುಳುಗೋ ಟೈಮಿಗೆ ಒಳಗೆ ಇಣುಕಿದ್ರೆ, ಮಗ ಹಾಗೇ ಕೂತಿದಾನೆ. ಮೂಗಿನ ಮೇಲೆ ನೊಣ ಕೂತಿದೆ, ಅದನ್ನೂ ಓಡಿಸಿಲ್ಲ. ಕಣ್ಣಲ್ಲಿ ನೀರು ಸುರೀತಿದೆ, ಅದನ್ನೂ ಒರಸಿಲ್ಲ.

ಮಾರಕ್ಕನಿಗೆ ಸಿಟ್ಟು ಬಂತು, ಕರುಳೂ ಚುರ್ ಅಂತು. ಸೆರಗಲ್ಲಿ ಮುಖ ಒರೆಸ್ತಾ ಬೈದ್ಲು. ಕೆಲಸ ಆದ ತಕ್ಷಣ ಎದ್ದು ಸೀದಾ ಮನೆಗೆ ಬರಬೇಕು ಕಣೋ, ಯಾರ ಅಪ್ಪಣೆಗೂ ಕಾಯಬಾರದು ಅಂತ ಬುದ್ಧಿ ಹೇಳಿದ್ಲು. ಆಯ್ತು ಅವ್ವ ಅಂದ ಓಬಳ.

ಆಮೇಲೆ ಪಾಸ್‌ಪೋರ್ಟ್ ಕಚೇರಿ. ತಾಯಿ ಮಗ ಇಬ್ಬರ ಕಾಗದಾನೂ ಒಂದೇ ಕೈಚೀಲದಲ್ಲಿ, ಕೈಚೀಲ ಓಬಳನ ಕೈಲಿ. ಒಳಗೆ ಓಬಳನ ಸರದಿ ಮೊದಲು ಬಂತು. ಬೆರಳು ಒತ್ತಿಸ್ಕೊಂಡ್ರು, ಮುಖ ನೋಡಿದ್ರು, ನಿಂದು ಆಯ್ತು ಅಂದ್ರು. ಆಯ್ತು ಅಂದ ತಕ್ಷಣ ಓಬಳ ಎದ್ದ. ಸೀದಾ ಬಾಗಿಲು, ಸೀದಾ ಬಸ್ ಸ್ಟ್ಯಾಂಡು, ಸೀದಾ ಊರು, ಸೀದಾ ಮನೆ. ಇತ್ತ ಮಾರಕ್ಕನ ಹೆಸರು ಕೂಗಿದ್ರೆ ಕಾಗದ ಇಲ್ಲ, ಮಗ ಇಲ್ಲ, ವಾಪಸ್ ಬರೋಕೆ ಬಸ್ಸಿನ ದುಡ್ಡೂ ಅದೇ ಚೀಲದಲ್ಲಿ. ಯಾರನ್ನೋ ಬೇಡಿ ಮನೆ ಸೇರೋ ಹೊತ್ತಿಗೆ, ಓಬಳ ಮುದ್ದೆ ಉಂಡು ಕೈ ತೊಳ್ಕೊಂಡು, ಯಾಕವ್ವ ಇಷ್ಟೊತ್ತು ಅಂತ ಕೇಳ್ತಾ ನಿಂತಿದ್ದ.

ಯಶೋದಮ್ಮನಿಗೆ ಸುದ್ದಿ ಮುಟ್ಟಿತು. ಹೆಂಗೋ ಇನ್ನೊಂದು ದಿನ ಗೊತ್ತು ಮಾಡಿ, ಮಾರಕ್ಕಂದೂ ಮುಗಿಸಿಕೊಟ್ಲು. ಆದ್ರೆ ಹೀಗೇ ಆದ್ರೆ ಕಷ್ಟ ಮಾರಕ್ಕ, ವಿಮಾನ ಇಳಿದ ಊರಲ್ಲಿ ಹಿಂಗೆ ಮಾಡಿದ್ರೆ ಎಲ್ಲಿ ಹುಡುಕ್ತೀಯ ಅಂದ್ಲು. ಮಾತು ನಿಜ. ಅವತ್ತು ಮಾರಕ್ಕ ಮಗನನ್ನ ಎದುರಿಗೆ ಕೂರಿಸ್ಕೊಂಡು, ಇನ್ನು ಮೇಲೆ ನನ್ನ ಬಿಟ್ಟು ಒಂದು ಹೆಜ್ಜೆ ಇಡಬೇಡ, ನನ್ನ ಸೀರೆ ಸೆರಗು ಹಿಡ್ಕೊಂಡೇ ಇರು, ಏನಾದ್ರೂ ಆಗಲಿ ಬಿಡಬೇಡ ಅಂತ ಆಣೆ ಹಾಕಿಸ್ಕೊಂಡ್ಲು. ಆಯ್ತು ಅವ್ವ ಅಂದ ಓಬಳ.

ಮಾರನೇ ದಿನ ಮಾರಕ್ಕ ಸೀರೆ ಒಗೆದು ಹಿತ್ತಲ ಹಗ್ಗದ ಮೇಲೆ ಹರವಿ, ಬೇರೆ ಸೀರೆ ಉಟ್ಕೊಂಡು ಸಂಘಕ್ಕೆ ಹೋದ್ಲು. ಓಬಳ ಹಿತ್ತಲಿಗೆ ಬಂದ. ಅವ್ವನ ಸೀರೆ ಇದೆ, ಸೀರೆಗೆ ಸೆರಗಿದೆ. ಹಿಡ್ಕೊಂಡು ನಿಂತ. ಆ ಹೊತ್ತಿಗೆ ಸರಿಯಾಗಿ ಪಾಸ್‌ಪೋರ್ಟ್ ವಿಚಾರಣೆಗೆ ಅಂತ ಪೊಲೀಸಪ್ಪ ಬಂದು ಮುಂಬಾಗಿಲಲ್ಲಿ ಕೂಗಿದ. ಬಂದೆ ಅಂತ ಓಬಳ ಹೊರಟ. ಸೆರಗು ಬಿಡೋ ಹಾಗಿಲ್ಲ. ಎಳೆದ. ಸೀರೆ ಬಂತು, ಸೀರೆ ಜೊತೆ ಹಗ್ಗ ಬಂತು, ಹಗ್ಗದ ಜೊತೆ ಅದಕ್ಕೆ ಕಟ್ಟಿದ್ದ ಗೂಟಾನೂ ಬಂತು, ಅಕ್ಕಪಕ್ಕದೋರ ಬಟ್ಟೆ ಮಣ್ಣಲ್ಲಿ ಹೊರಳ್ತಾ ಹಿಂದೆ ಬಂದ್ವು. ಅದನ್ನೆಲ್ಲ ಎಳ್ಕೊಂಡು ಬೀದಿಗೆ ಬಂದು, ನಮಸ್ಕಾರ ಸಾರ್ ಅಂದ. ಬೀದಿ ಪೂರ್ತಿ ಸೇರ್ತು. ಪೊಲೀಸಪ್ಪ ಬಟ್ಟೆ ನೋಡಿದ, ಇವನ ಮುಖ ನೋಡಿದ, ಯಾವ ಊರಿಗಪ್ಪ ಹೋಗೋದು ಅಂದ. ಓಬಳ ಶುರು ಮಾಡಿದ. ಅಪ್ಪ ಸಿಹಿ ಹುಣಸೆ ತಿಂದಿದ್ದ, ಯಾರೂ ನಂಬಲಿಲ್ಲ, ಅವ್ವ ಅಳ್ತಿದ್ಲು, ಅದಕ್ಕೆ ಫೆಚ್ಚಬೂನಿಗೆ ಹೋಗಿ ಹಣ್ಣು ತಂದು ಎಲ್ಲರ ಬಾಯಿಗೂ ಹಾಕ್ತೀವಿ, ಅಂತ ಒಂದೂ ಬಿಡದೆ ಒಪ್ಪಿಸಿದ. ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಸಿಹಿಹುಣಸೆ ಮಗ ಸಿಹಿ ಹುಣಸೆಗೆ ಹೊರಟ ಅಂತ ರಂಗಶಾಮಯ್ಯ ಅಂಗಡಿ ಬಿಟ್ಟು ಬಂದು ಹೇಳಿ ಹೋದ.

ಪೊಲೀಸಪ್ಪ, ಹುಡುಗ ಒಳ್ಳೆಯವನು, ಕೆಟ್ಟ ಗುಣ ಏನಿಲ್ಲ ಅಂತ ಬರೆದುಕೊಂಡು ಹೋದ. ಮಾರಕ್ಕ ಬಂದು ಕೇಳಿ, ಒಳಗೆ ಹೋಗಿ ಕದ ಹಾಕ್ಕೊಂಡು ಅತ್ತಳು. ಆಮೇಲೆ ಎದ್ದು ಹೊರಗೆ ಬಂದು ಬಟ್ಟೆನೆಲ್ಲ ಮತ್ತೆ ಒಗೆದ್ಲು. ಓಬಳ ನೀರು ಸೇದಿ ಕೊಟ್ಟ. ಒಗೆಯುತ್ತಲೇ ಬುದ್ಧಿ ಹೇಳಿದ್ಲು. ನಾನು ಉಟ್ಟಿರೋ ಸೆರಗು ಹಿಡೀಬೇಕು, ಒಣಗಾಕಿರೋದಲ್ಲ. ಇನ್ನೊಂದು, ಹೊರಟೋರನ್ನ ಎಲ್ಲಿಗೆ ಅಂತ ಕೇಳಬಾರದು, ಕೇಳಿದ್ರೆ ಹೇಳಬಾರದು, ಹೋದ ಕೆಲಸ ಆಗಲ್ಲ. ಯಾರೇ ಎಲ್ಲಿಗೆ ಅಂದ್ರೂ, ಇಲ್ಲೇ ಅನ್ನು. ನಮ್ಮೋರೆಲ್ಲ ಹಂಗೇ ಅನ್ನೋದು.

ನೀವೂ ಹಂಗೇ ಅಂತೀರಲ್ವಾ? ಕಾಶಿಗೆ ಹೊರಟಿದ್ರೂ, ಎಲ್ಲಿಗೆ ಅಂದ್ರೆ, ಇಲ್ಲೇ. ಓಬಳನೂ ಆಯ್ತು ಅಂದ.

ಪಾಸ್‌ಪೋರ್ಟ್ ಬಂತು. ಇನ್ನು ಹೊರಡೋದೊಂದೇ ಬಾಕಿ ಅನ್ನೋವಾಗ ಯಶೋದಮ್ಮ ಪರೀಕ್ಷೆ ಇಟ್ಲು. ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಅಧಿಕಾರಿ ಕೂತಿರ್ತಾರೆ, ಒಬ್ಬೊಬ್ಬರನ್ನೇ ಕೇಳ್ತಾರೆ, ತಲೆಕೆಟ್ಟ ಹಾಗೆ ಉತ್ತರ ಕೊಟ್ರೆ ಅಲ್ಲಿಂದಲೇ ವಾಪಸ್. ಅದಕ್ಕೆ ಸಂಘದ ಮೇಜಿನ ಹಿಂದೆ ತಾನೇ ಅಧಿಕಾರಿ ಆಗಿ, ಕನ್ನಡಕ ಮೂಗಿನ ತುದಿಗೆ ಇಳಿಸ್ಕೊಂಡು ಕೂತ್ಲು. ಓಬಳ ಬಂದು ನಿಂತ. ಎಲ್ಲಿಗೆ ಹೋಗ್ತಿದ್ದೀರಿ ಅಂದ್ಲು.

"ಇಲ್ಲೇ."

ಇಲ್ಲೇ ಅಂದ್ರೆ ಎಲ್ಲಿ ಅಂದ್ಲು. ಇಲ್ಲೇ, ಹಿಂಗೇ, ಬಂದುಬಿಡ್ತೀನಿ ಅಂದ. ಯಾವ ದೇಶಕ್ಕೆ ಅಂದ್ಲು. ಹೊರಟೋರನ್ನ ಕೇಳಬಾರದು ಯಶೋದಮ್ಮ, ಕೆಲಸ ಆಗಲ್ಲ ಅಂತ ಅವಳಿಗೇ ಬುದ್ಧಿ ಹೇಳಿದ. ಯಶೋದಮ್ಮ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟು, ಆಗಲ್ಲ ಮಾರಕ್ಕ, ನಾನು ಬೇರೆಯವರ ಹೆಸರು ಬರೀತೀನಿ ಅಂದ್ಲು. ಮಾರಕ್ಕ ಅವಳ ಕೈ ಹಿಡ್ಕೊಂಡ್ಲು. ಹೇಳಿಕೊಟ್ಟವಳು ನಾನು, ತಪ್ಪು ಅವನದಲ್ಲ, ಇನ್ನೊಂದು ಸಲ ನೋಡು ತಾಯಿ ಅಂತ ಬೇಡಿದ್ಲು. ಮಗನ ಕಡೆ ತಿರುಗಿ, ಮೇಜಿನ ಹಿಂದೆ ಕೂತೋರು ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳ್ಬೇಕು ಅಂದ್ಲು.

ಊಟದ ಹೊತ್ತಾಯ್ತು, ಎಲ್ಲರಿಗೂ ಚಿತ್ರಾನ್ನ ಬಡಿಸಿದ್ರು. ಎಚ್ಚರ ಇಲ್ಲದಾಗ ಕೇಳಿ ನೋಡೋಣ ಅಂತ ಯಶೋದಮ್ಮ ಮೇಜಿನ ಹಿಂದೆ ತಟ್ಟೆ ಇಟ್ಕೊಂಡು, ಓಬಳನ ಬಾಯಲ್ಲಿ ದೊಡ್ಡ ತುತ್ತಿರುವಾಗಲೇ, ಎಲ್ಲಿಗಪ್ಪ ಅಂದ್ಲು. ಫೆಚ್ಚಬೂನ್ ಅನ್ನೋದನ್ನ ಬಾಯಿ ತುಂಬ ಅನ್ನ ಇಟ್ಕೊಂಡು ಹೇಳಿ ನೋಡ್ರಿ, ಏನಾಗುತ್ತೆ ಅಂತ. ಕಡಲೆಬೇಳೆ, ಒಗ್ಗರಣೆ, ಕರಿಬೇವು, ಎಲ್ಲ ಯಶೋದಮ್ಮನ ಹೊಸ ಸೀರೆ ಮೇಲೆ. ಉತ್ತರ ಮಾತ್ರ ಸರಿ. ಅವಳಿಗೆ ನಗು ತಡೆಯೋಕೆ ಆಗಲಿಲ್ಲ, ಹೆಸರು ಹಾಗೇ ಇರಲಿ ಬಿಡು ಅಂದ್ಲು. ಮಾರಕ್ಕ ಆ ಸೀರೆ ಒರೆಸ್ತಾ ಮಗನಿಗೆ ಹೇಳಿದ್ಲು.

"ಬಾಯಲ್ಲಿ ತುತ್ತಿಟ್ಕೊಂಡು ಮಾತಾಡಬಾರದು ಕಣೋ. ನುಂಗಿ ಆಮೇಲೆ ಮಾತಾಡು. ದೇವರೇ ಬಂದು ಕೇಳಿದ್ರೂ ಅಷ್ಟೇ, ಮೊದಲು ನುಂಗು."

ಆಯ್ತು ಅವ್ವ ಅಂದ ಓಬಳ.

ಗಂಟು ಕಟ್ಟೋ ದಿನ ಬಂತು. ಮಾರಕ್ಕ ಸೀರೆ, ಹುರಿಹಿಟ್ಟು, ಉಪ್ಪಿನಕಾಯಿ, ಅಲ್ಲಿಯೋರಿಗೆ ಕೊಡೋಕೆ ನಮ್ಮ ಕಡೆ ಹುಳಿ ಹುಣಸೆ, ಎಲ್ಲ ತುಂಬಿಟ್ಟು, ವಿಮಾನದೋರು ಭಾರ ಒಪ್ಪಲ್ಲವಂತೆ, ಭಾರ ಇದ್ದದ್ದು ತೆಗೆದು ಹಗುರ ಇದ್ದದ್ದು ತುಂಬು ಅಂತ ಮಗನಿಗೆ ಹೇಳಿ ದೇವರ ಗುಡಿಗೆ ಹೋದ್ಲು. ಬಂದ್ರೆ ಬ್ಯಾಗು ಉಬ್ಬಿ ನಿಂತಿದೆ. ಒಂದೇ ಬೆರಳಲ್ಲಿ ಎತ್ತಿ ತೋರಿಸಿದ ಓಬಳ. ಒಳಗೆ ಮಂಡಕ್ಕಿ, ದಿಂಬಿನ ಹತ್ತಿ, ಒಣಗಿದ ಸೋರೆಬುರುಡೆ. ಬೈಯೋಕೂ ಅವಳಿಗೆ ಶಕ್ತಿ ಇರಲಿಲ್ಲ. ಎಲ್ಲ ತೆಗೆದು ಮತ್ತೆ ತುಂಬಿದ್ಲು. ಮಂಡಕ್ಕಿ ಸ್ವಲ್ಪ ಇರಲಿ ಅಂತ ಬಿಟ್ಲು, ದಾರೀಲಿ ಮಗನಿಗೆ ಹಸಿವಾದ್ರೆ.

ಹೊರಟ್ರು. ವಿಮಾನ ನಿಲ್ದಾಣದಲ್ಲಿ ಆ ಬೆಳಕು, ಆ ಜನ ನೋಡಿ ಓಬಳ ನಡುಗಿದ. ಅವ್ವನ ಸೆರಗು, ಉಟ್ಟಿರೋ ಸೆರಗೇ, ಬಿಗಿಯಾಗಿ ಹಿಡ್ಕೊಂಡ. ಹೆದರಬೇಡ ಅಂತ ಮಾರಕ್ಕ ಅವನ ಬಾಯಿಗೆ ಒಂದು ಚಿಗಳಿ ಹಾಕಿದ್ಲು. ಚಿಗಳಿ ಗೊತ್ತಲ್ಲ, ಹುಣಸೆ, ಬೆಲ್ಲ, ಉಪ್ಪು, ಜೀರಿಗೆ ಕುಟ್ಟಿ ಕಡ್ಡಿಗೆ ಮೆತ್ತಿದ್ದು, ಚೀಪಿದಷ್ಟೂ ಮುಗಿಯಲ್ಲ. ಗಾಜಿನ ಹಿಂದೆ ಮೇಜು ಹಾಕ್ಕೊಂಡು ಕೂತ ಅಧಿಕಾರಿ ಓಬಳನ ಪಾಸ್‌ಪೋರ್ಟ್ ತಗೊಂಡು, ಎಲ್ಲಿಗೆ ಹೋಗ್ತಿದ್ದೀರಿ ಅಂತ ಕನ್ನಡದಲ್ಲೇ ಕೇಳಿದ. ಓಬಳ ಒಂದು ಬೆರಳೆತ್ತಿ ತಡೀರಿ ಅಂತ ಸನ್ನೆ ಮಾಡಿ ಚೀಪಿದ. ಮತ್ತೆ ಕೇಳಿದ. ಮತ್ತೆ ಬೆರಳು. ಹಿಂದೆ ಸಾಲು ಬೆಳೀತು. ಅಧಿಕಾರಿ ಮುಖ ಗಂಟು ಹಾಕಿ ಇನ್ನೊಬ್ಬರನ್ನ ಕರೆಯೋಕೆ ಫೋನ್ ಎತ್ತಿದ. ಮಾರಕ್ಕ ಮಗನ ಬೆನ್ನು ತಿವಿದ್ಲು. ಇಷ್ಟು ದೂರ ಬಂದು ಇಲ್ಲಿಂದ ವಾಪಸ್ ಹೋಗೋದಾ? ಊರ ಮುಂದೆ ಯಾವ ಮುಖ ತೋರಿಸೋದು? ಲೋ, ನುಂಗೋ ಅಂದ್ಲು. ಓಬಳ ಕಡ್ಡಿ ಎಳೆದು, ಉಳಿದ ಚಿಗಳಿ ಇಡಿಯಾಗಿ ನುಂಗಿದ, ಕಣ್ಣು ಮೇಲೆ ಹೋಗಿ ಕೆಳಗೆ ಬಂತು.

"ಫೆಚ್ಚಬೂನ್ ಸಾರ್."

ಅಲ್ಲೇನು ಕೆಲಸ ಅಂತ ಕೇಳಿದ ಅಧಿಕಾರಿ.

"ನಮ್ಮಪ್ಪ ಸುಳ್ಳು ಹೇಳಿರಲಿಲ್ಲ ಸಾರ್. ಅದನ್ನ ಅವ್ವನಿಗೆ ತಿನ್ನಿಸೋಕೆ."

ಇದ್ದದ್ದು ಇದ್ದ ಹಾಗೆ. ಅಧಿಕಾರಿ ಅವನನ್ನೊಂದು ಸಲ, ಹಿಂದೆ ಸೆರಗು ಬಿಟ್ಕೊಟ್ಟು ನಿಂತ ಮುದುಕಿಯನ್ನೊಂದು ಸಲ ನೋಡಿದ. ಮುದ್ರೆ ಒತ್ತಿ ಕಳಿಸಿದ.

ಫೆಚ್ಚಬೂನ್ ಹೇಗಿತ್ತು ಅಂತ ನನ್ನ ಕೇಳಬೇಡಿ, ನಾನು ಹೋಗಿಲ್ಲ. ಮಾರಕ್ಕ ಹೇಳಿದ್ದು ಹೇಳ್ತೀನಿ. ವಿಮಾನ ಇಳಿದ ಮೇಲೂ ಬಸ್ಸಲ್ಲಿ ಬಹಳ ದೂರ. ಸುತ್ತ ಬೆಟ್ಟ, ಬೆಟ್ಟದ ಬುಡದಲ್ಲಿ ಹುಣಸೆ ತೋಟ. ತೋಟದ ಯಜಮಾನಿ ಬುವಾ ಅಂತ, ಇವಳದೇ ವಯಸ್ಸಿನೋಳು, ಬಿಡಿಸಿ ಬಿಡಿಸಿ ಉಗುರು ಕಂದು ಬಣ್ಣ ಆಗಿತ್ತು, ಇವಳ ಹಾಗೇ. ಭಾಷೆ ಬರಲ್ಲ, ಇಬ್ಬರೂ ಉಗುರು ತೋರಿಸ್ಕೊಂಡು ನಕ್ಕರು. ಮಾರಕ್ಕ ಒಂದು ಮರದ ಹತ್ರ ಹೋಗಿ ತೊಗಟೆ ಮುಟ್ಟಿದ್ಲು. ಅದೇ ಎಲೆ, ಅದೇ ತೊಗಟೆ, ಅದೇ ನೆರಳು. ಒಂದು ಹಣ್ಣು ಕಿತ್ತು, ಸಿಪ್ಪೆ ಒಡೆದು, ಬಾಯಿಗೆ ಹಾಕ್ಕೊಂಡ್ಲು. ಹುಳಿ ಬರುತ್ತೆ ಅಂತ ಮುಖ ತಾನೇ ಕಿವುಚಿತು. ಹುಳಿ ಬರಲಿಲ್ಲ. ಬೆಲ್ಲ. ಅವಳು ಅಲ್ಲೇ ಮರದ ಬುಡದಲ್ಲಿ ಕೂತುಬಿಟ್ಲು.

"ನಿಜ ಹೇಳಿದ್ದ ಕಣೋ ನಿಮ್ಮಪ್ಪ."

ಓಬಳನ ಬಾಯಿ ತುಂಬ ಹಣ್ಣು. ತಲೆ ಮಾತ್ರ ಆಡಿಸಿದ. ನುಂಗಿದ ಮೇಲೆ, ಹೂಂ ಅವ್ವ ಅಂದ.

ಬುವಾ ಒಂದು ಡಬ್ಬ ತುಂಬ ಸಿಹಿ ಹುಣಸೆ ಕೊಟ್ಲು. ಮಾರಕ್ಕ ತಂದಿದ್ದ ಹುಳಿ ಹುಣಸೆ ತಿಂದು ಬುವಾ ಒಂದು ಕಣ್ಣು ಮುಚ್ಚಿ ಕುಣಿದ್ಲು. ಬರುವಾಗ ತಬ್ಬಿಕೊಂಡು ಬೀಳ್ಕೊಟ್ಲು. ಡಬ್ಬದಿಂದ ಒಂದು ಚೆಂದದ ಹಣ್ಣು ಆರಿಸಿ ಮಾರಕ್ಕ ತನ್ನ ಸೆರಗಲ್ಲಿ ಗಂಟು ಕಟ್ಕೊಂಡ್ಲು. ಉಳಿದದ್ದನ್ನ ಓಬಳನ ಕೈಲಿಟ್ಟು, ಇದು ನಿಮ್ಮಪ್ಪನ ಮಾನ ಕಣೋ, ನಮ್ಮ ಮನೆ ಹುಣಸೆ ಕೆಡದ ಹಾಗೆ ಹೆಂಗೆ ಕಾಪಾಡ್ತೀವೋ ಹಂಗೇ ಕಾಪಾಡು ಅಂದ್ಲು. ಆಯ್ತು ಅವ್ವ ಅಂದ ಓಬಳ.

ಅಯ್ಯೋ, ನಿಮಗೆ ಗೊತ್ತಾಗೋಯ್ತು ಅಲ್ವಾ?

ಊರಿಗೆ ಬಂದ್ರು. ನಾಳೆ ಬೆಳಿಗ್ಗೆ ಎಲ್ಲರೂ ನಮ್ಮ ಮನೆಗೆ ಬನ್ನಿ, ಸಿಹಿ ಹುಣಸೆ ತಿನ್ನಿ ಅಂತ ಮಾರಕ್ಕ ಬೀದೀಲಿ ಸಾರಿಬಿಟ್ಟು, ದಣಿದು ಮಲಗಿದ್ಲು. ಅವಳು ಮಲಗಿದ್ದ ಹೊತ್ತಲ್ಲಿ ಮಗ ಡಬ್ಬ ತೆಗೆದ. ಸಿಪ್ಪೆ ಒಡೆದ, ನಾರು ಬಿಡಿಸಿದ, ಬೀಜ ತೆಗೆದ, ಹಿಡಿ ಹಿಡಿ ಕಲ್ಲುಪ್ಪು ಹಾಕಿ ಒರಳಲ್ಲಿ ಕುಟ್ಟಿದ, ಉಂಡೆ ಕಟ್ಟಿ ಮಡಕೆಗೆ ಒತ್ತಿ, ಬಾಯಿಗೆ ಬಟ್ಟೆ ಬಿಗಿದ. ನಮ್ಮ ಹುಣಸೆ ನಾವು ಹಾಗೇ ಅಲ್ವಾ ಕಾಪಾಡೋದು? ಒಂದು ತಪ್ಪೂ ಮಾಡಲಿಲ್ಲ.

ಬೆಳಿಗ್ಗೆ ಊರೆಲ್ಲ ಸೇರಿತು. ಡಬ್ಬ ತಾರೋ ಅಂದ್ರೆ ಮಡಕೆ ತಂದ. ಬಟ್ಟೆ ಬಿಚ್ಚಿದ್ರೆ ಕಪ್ಪು ಉಂಡೆ. ರಂಗಶಾಮಯ್ಯ ಒಂದು ಚೂರು ಬಾಯಿಗೆ ಹಾಕ್ಕೊಂಡು, ಉಪ್ಪು ಕಣ್ರಪ್ಪ ಅಂದ. ಮತ್ತೆ ನಗು. ಆಗ ಯಶೋದಮ್ಮ, ನಿನ್ನ ಸೆರಗಲ್ಲಿ ಒಂದಿದೆ ಅಂದಿದ್ಯಲ್ಲ, ಅದನ್ನೇ ಒಡೆದು ಇವರ ಬಾಯಿಗೆ ಹಾಕು ಅಂದ್ಲು. ಮಾರಕ್ಕ ಗಂಟು ಬಿಚ್ಚಿ ಹಣ್ಣು ಕೈಲಿ ಹಿಡಿದ್ಲು. ಒಂದೇ ಹಣ್ಣು. ಊರಿಗೆ ಕೊಟ್ರೆ ಊರು ನಂಬುತ್ತೆ. ಅವಳು ಹಣ್ಣನ್ನ ಒಂದು ಸಲ ಸೆರಗಲ್ಲಿ ಒರೆಸಿದ್ಲು. ಆಮೇಲೆ ಮಗನ ಕಡೆ ತಿರುಗಿದ್ಲು.

"ಇದು ಊರಿಗಲ್ಲ. ನಿಮ್ಮಪ್ಪನಿಗೆ. ಹೊಲದಲ್ಲಿ ಅವನನ್ನ ಮಣ್ಣು ಮಾಡಿದ ಗುಡ್ಡೆ ಮೇಲೆ ಎಡೆ ಇಟ್ಟು, ನೀನು ತಿಂದಿದ್ದು ಇದೇನಾ ಅಂತ ಕೇಳ್ಕೊಂಡು ಬಾ ಹೋಗು."

ಓಬಳ ಹೋದ. ಜನ ಚದುರಿತು. ರಂಗಶಾಮಯ್ಯ ಮಾತ್ರ ಹೋಗಲಿಲ್ಲ. ಬಾಯಲ್ಲಿ ಉಪ್ಪು ಕರಗಿತ್ತು, ಅದರ ಕೆಳಗೆ ಇನ್ನೇನೋ ಉಳಿದಿತ್ತು. ನಾಲಿಗೆ ಚಪ್ಪರಿಸಿದ. ಅತ್ತ ಇತ್ತ ನೋಡಿ, ಮಡಕೆಗೆ ಕೈ ಹಾಕಿ ಇನ್ನೊಂದು ಚೂರು ತಗೊಂಡ. ಆಮೇಲೆ ಇನ್ನೊಂದು. ಮಾರಕ್ಕ ನೋಡ್ತಾನೇ ಇದ್ಲು. ಹೋಗುವಾಗ ಅವನು ಹೊಸಿಲ ಹತ್ರ ನಿಂತು, ತಲೆ ತಗ್ಗಿಸ್ಕೊಂಡು, ನಮ್ಮ ಮನೆಯವಳಿಗೂ ಒಂಚೂರು ಕೊಡ್ತೀಯೇನಮ್ಮ ಅಂದ. ಎಲೇಲಿ ಕಟ್ಟಿ ಕೊಟ್ಲು.

ಹೊತ್ತು ಇಳೀತು, ಮಗ ಬರಲಿಲ್ಲ. ಮಾರಕ್ಕ ಹೊಲಕ್ಕೆ ಹೋದ್ಲು. ನೋಡಿದ್ರೆ ಓಬಳ ಅಪ್ಪನ ಗುಡ್ಡೆ ಪಕ್ಕ ಕೋಲು ಹಿಡ್ಕೊಂಡು ನಿಂತಿದಾನೆ, ಬೆವರು ಇಳೀತಿದೆ. ಎಡೆ ಮೇಲೆ ಹಣ್ಣು ಹಾಗೇ ಇದೆ. ಒಂದು ಕಾಗೆ ಬಂತು. ಹುಶ್ ಅಂತ ಓಡಿಸಿದ. ಮತ್ತೆ ಬಂತು, ಮತ್ತೆ ಓಡಿಸಿದ. ಬೆಳಿಗ್ಗೆಯಿಂದ ಇದೇ ಕಾಗೆ ಅವ್ವ, ಹುಣಸೆಗೆ ಬಾಯಿ ಹಾಕೋಕೆ ಬರುತ್ತೆ, ನಾನು ಬಿಟ್ಟಿಲ್ಲ ಅಂದ. ಅಪ್ಪ ಮಾತ್ರ ಬಂದಿಲ್ಲ ಅಂದ.

ಮಾರಕ್ಕ ಬಾಯಿ ಮೇಲೆ ಕೈ ಇಟ್ಕೊಂಡ್ಲು.

"ಅಯ್ಯೋ ಮಗಾ, ಎಡೆಗೆ ಬರೋ ಕಾಗೇನೇ ಕಣೋ ಸತ್ತೋರು. ಅದೇ ನಿಮ್ಮಪ್ಪ."

ಓಬಳನ ಕೈಯಿಂದ ಕೋಲು ಬಿತ್ತು. ಬೆಳಿಗ್ಗೆಯಿಂದ ಅಪ್ಪನನ್ನೇ ಹೊಡೆದು ಓಡಿಸಿದ್ದೀನಿ ಅಂತ ಅವನಿಗೆ ಆಗ ಅರ್ಥ ಆಯ್ತು. ಹೊಲದ ತುಂಬ ಓಡಾಡಿದ, ಅಪ್ಪಾ, ಬಾ, ಗೊತ್ತಾಗಲಿಲ್ಲ, ಬಾ ಅಂತ ಮರ ಮರದ ಕೆಳಗೂ ಕೈ ಮುಗಿದು ಕೂಗಿದ. ಆಮೇಲೆ ಬಂದು ಅವ್ವನ ಸೆರಗು ಹಿಡ್ಕೊಂಡು ಅಲ್ಲಾಡದೆ ಕೂತ. ಕಾಗೆ ಬಂತು. ಗುಡ್ಡೆ ಮೇಲೆ ಇಳೀತು, ಓರೆಯಾಗಿ ಇವನನ್ನೇ ನೋಡಿತು, ಹಣ್ಣು ಕಚ್ಕೊಂಡು ಹಾರಿ ಹುಣಸೆ ಮರದ ಕೊಂಬೆ ಮೇಲೆ ಕೂತಿತು.

ಮಾರಕ್ಕನ ಕಣ್ಣು ತುಂಬಿ ಬಂತು. ಮುಟ್ಟಿದ ಕಣೋ, ಈಗ ಕೇಳು, ತಿಂದಿದ್ದು ಇದೇನಾ ಅಂತ ಕೇಳು ಅಂತ ಮಗನ ಭುಜ ಅಲ್ಲಾಡಿಸಿದ್ಲು. ಓಬಳ ಅವಳ ಕೈ ಮೇಲೆ ಕೈ ಇಟ್ಟು, ಒಂದು ಬೆರಳು ಎತ್ತಿದ.

"ತಡಿ ಅವ್ವ. ಅಪ್ಪನ ಬಾಯಲ್ಲಿ ತುತ್ತಿದೆ. ನುಂಗಲಿ."

ಮಾರಕ್ಕ ಆವತ್ತು ಬೈಯಲಿಲ್ಲ. ಮಗನ ಪಕ್ಕಕ್ಕೆ ಸರಿದು ಕೂತ್ಲು. ಅವನು ನುಂಗೋ ತನಕ ಇಬ್ಬರೂ ಕಾದ್ರು.